ಬಿಲ್ಡ್ ಸರ್ವರ್‌ನಲ್ಲಿ ತಯಾರಾದ ಡೆಬ್ ಪ್ಯಾಕೇಜು ರೂಟ್‌ಗೆ ಮಾತ್ರ ಓಡುತ್ತಿದೆ

ಪ್ರಶ್ನೆ:
ನನ್ನ ಲ್ಯಾಪ್‌ಟಾಪ್‌ನಲ್ಲಿ ತಯಾರಿಸಿದ ಡೆಬ್ (ಡೆಬಿಯನ್ ಮಾದರಿಯ ಲಿನಕ್ಸ್‌ನಲ್ಲಿ ತಂತ್ರಾಂಶ ಸ್ಥಾಪಿಸುವ) ಪ್ಯಾಕೇಜು ಎಲ್ಲ ಬಳಕೆದಾರರಿಗೂ ಸರಿಯಾಗಿ ನಡೆಯುತ್ತದೆ. ಅದೇ ಸೋರ್ಸ್ ಕೋಡನ್ನು ಬಿಲ್ಡ್ ಸರ್ವರ್‌ನಲ್ಲಿ ಪ್ಯಾಕೇಜ್ ಮಾಡಿದರೆ, ರೂಟ್ (ಎಲ್ಲ ಅಧಿಕಾರವಿರುವ ನಿರ್ವಾಹಕ ಖಾತೆ) ಹೊರತು ಯಾರು ಓಡಿಸಿದರೂ ‘ಪರ್ಮಿಷನ್ ಡಿನೈಡ್’ ಎಂದು ಬರುತ್ತದೆ. ಒಳಗಿನ ಡೈರೆಕ್ಟರಿಗಳು 0700 (ಒಡೆಯನಿಗೆ ಮಾತ್ರ ಎಲ್ಲ ಅನುಮತಿ), ಕಡತಗಳು 0600 (ಒಡೆಯನಿಗೆ ಮಾತ್ರ ಓದುವ, ಬರೆಯುವ ಅನುಮತಿ) ಆಗಿವೆ. ಮೊದಲು ಕಂಟ್ರೋಲ್ ಡೈರೆಕ್ಟರಿಯ (ಪ್ಯಾಕೇಜಿನ ವಿವರಗಳಿರುವ ಜಾಗ) ಅನುಮತಿ 700 ಇದೆಯೆಂದು ಪ್ಯಾಕೇಜು ಕಟ್ಟುವ ಡಿಪಿಕೆಜಿ-ಡೆಬ್ ತಕರಾರು ತೆಗೆದಿತ್ತು. ಆ ಭಾಗವನ್ನಷ್ಟೇ ಸರಿಪಡಿಸಿ ಮುಂದುವರಿದಿದ್ದೆ. ಈಗ ಸ್ಥಾಪನೆಯ ನಂತರ ಓಡುವ ಪೋಸ್ಟ್‌ಇನ್‌ಸ್ಟ್ ಸ್ಕ್ರಿಪ್ಟಿನಲ್ಲಿ ಎಲ್ಲಕ್ಕೂ 777 (ಎಲ್ಲರಿಗೂ ಎಲ್ಲ ಅನುಮತಿ) ಕೊಟ್ಟರೆ ಕೆಲಸ ನಡೆಯುತ್ತದೆ, ಆದರೆ ಮನಸ್ಸು ಒಪ್ಪುತ್ತಿಲ್ಲ. ಸೋರ್ಸ್ ಕೋಡನ್ನು ಇಟ್ಟಿರುವ ಗಿಟ್‌ನಲ್ಲಿ ಅನುಮತಿಗಳು ಸರಿಯಾಗಿಯೇ ಇವೆಯಲ್ಲ?

ಉತ್ತರ 1:
ಆ ತಕರಾರೇ ನಿಮಗೆ ಸಿಕ್ಕ ಮೊದಲ ಸುಳಿವು. ಸರ್ವರ್‌ನಲ್ಲಿ ಯುಮಾಸ್ಕ್ (ಹೊಸ ಕಡತಗಳಿಂದ ಯಾವ ಅನುಮತಿ ತೆಗೆಯಬೇಕೆಂಬ ಸೆಟ್ಟಿಂಗ್) 077 ಇರುವಂತಿದೆ: ಹೊಸ ಡೈರೆಕ್ಟರಿಯ 0777ರಿಂದ ಗುಂಪಿನ ಮತ್ತು ಇತರರ ಅನುಮತಿಗಳನ್ನು ತೆಗೆದುಹಾಕಿದರೆ 0700 ಉಳಿಯುತ್ತದೆ, ಕಡತದ 0666 ಹಾಗೆಯೇ 0600 ಆಗುತ್ತದೆ, ಪ್ಯಾಕೇಜು ಅದನ್ನು ಇದ್ದದ್ದು ಇದ್ದಂತೆ ದಾಖಲಿಸಿಕೊಳ್ಳುತ್ತದೆ. ಸಾಮಾನ್ಯ ಕಡತಗಳ ವಿಷಯದಲ್ಲಿ ಗಿಟ್ ನೆನಪಿಡುವುದು ಅದು ಓಡಿಸಬಹುದಾದದ್ದೇ ಅಲ್ಲವೇ ಎಂಬುದನ್ನು ಮಾತ್ರ. ಉಳಿದದ್ದನ್ನು ಚೆಕ್‌ಔಟ್ ಮಾಡುವ (ಗಿಟ್‌ನಿಂದ ಕಡತಗಳನ್ನು ಹೊರತೆಗೆಯುವ) ಯಂತ್ರದ ಯುಮಾಸ್ಕ್ ನಿರ್ಧರಿಸುತ್ತದೆ. ಬಿಲ್ಡ್ ಸ್ಕ್ರಿಪ್ಟಿನ ಮೊದಲ ಸಾಲಿನಲ್ಲೇ, ಅಂದರೆ ಚೆಕ್‌ಔಟ್‌ಗೂ ಮುಂಚೆ, ಯುಮಾಸ್ಕ್ 022 ಎಂದು ಬರೆಯಿರಿ. ಸಾಧ್ಯವಾದರೆ ನಕಲು ಮಾಡುವ ಸಿಪಿ ಬದಲು ಇನ್‌ಸ್ಟಾಲ್ ಆದೇಶವನ್ನು ಬಳಸಿ, ಪ್ರೋಗ್ರಾಮ್‌ಗೆ 0755 (ಎಲ್ಲರೂ ಓದಿ ಓಡಿಸಬಹುದು, ಒಡೆಯ ಮಾತ್ರ ತಿದ್ದಬಹುದು), ದತ್ತಾಂಶಕ್ಕೆ 0644 (ಎಲ್ಲರೂ ಓದಬಹುದು, ಒಡೆಯ ಮಾತ್ರ ತಿದ್ದಬಹುದು) ಎಂದು ನೀವೇ ಹೇಳಿಬಿಡಿ. ಆಗ ಯುಮಾಸ್ಕ್ ಏನಿದ್ದರೂ ಲೆಕ್ಕಕ್ಕೆ ಬರುವುದಿಲ್ಲ.

ಉತ್ತರ 2:
777 ಅನ್ನು ಇಂದೇ ತೆಗೆಯಿರಿ. ರೂಟ್ ಓಡಿಸುವ ಪ್ರೋಗ್ರಾಮನ್ನು ಯಾರು ಬೇಕಾದರೂ ತಿದ್ದಬಹುದಾದರೆ, ಆ ಯಂತ್ರವನ್ನೇ ಅವರ ಕೈಗೆ ಕೊಟ್ಟಂತೆ. ಅದರ ಬದಲು ಎಲ್ಲಕ್ಕೂ 755 ಕೊಡುವವರಿದ್ದಾರೆ. ಅದರಿಂದ ಓದುವ ದಸ್ತಾವೇಜೂ ಓಡಿಸಬಹುದಾದ ಕಡತವಾಗುತ್ತದೆ. ಅನುಮತಿ ಬದಲಿಸುವ ಚ್‌ಮಾಡ್ ಆದೇಶದಲ್ಲಿ ದೊಡ್ಡಕ್ಷರದ ಎಕ್ಸ್ ಇರುವುದು ಇದಕ್ಕಾಗಿಯೇ: ಅದು ಡೈರೆಕ್ಟರಿಗಳಿಗೂ ಈಗಾಗಲೇ ಓಡಿಸಬಹುದಾದ ಕಡತಗಳಿಗೂ ಮಾತ್ರ ಆ ಅನುಮತಿಯನ್ನು ಕೊಡುತ್ತದೆ. ಪಾಸ್‌ವರ್ಡ್ ಇರುವ ಕಾನ್ಫಿಗ್ ಕಡತವಿದ್ದರೆ ಅದನ್ನು ಈ ಬದಲಾವಣೆಯಿಂದ ಹೊರಗಿಟ್ಟು, ಪ್ರತ್ಯೇಕವಾಗಿ 0640 (ಇತರರಿಗೆ ಯಾವ ಅನುಮತಿಯೂ ಇಲ್ಲ) ಕೊಡಿ.

ಪ್ರಶ್ನೆ ಕೇಳಿದವರು:
ಯುಮಾಸ್ಕ್ 077 ಎಂಬುದು ಖಚಿತವಾಯಿತು, ಅನುಮತಿಗಳು ಸರಿಹೋದವು. ಆದರೆ ಪ್ಯಾಕೇಜಿನೊಳಗಿನ ಪಟ್ಟಿಯಲ್ಲಿ ಕಡತಗಳ ಒಡೆತನ ರೂಟ್‌ಗೆ ಬದಲಾಗಿ ಬಿಲ್ಡ್ ಖಾತೆಯ ಹೆಸರಿನಲ್ಲಿದೆ, ಅದರ ಯುಐಡಿ (ಬಳಕೆದಾರ ಸಂಖ್ಯೆ) 1000. ಇದನ್ನು ಹೀಗೇ ಬಿಡಬಹುದೇ?

ಉತ್ತರ 1:
ಬಿಡಬಾರದು. ಬಹಳಷ್ಟು ಲಿನಕ್ಸ್ ಯಂತ್ರಗಳಲ್ಲಿ 1000 ಎಂಬುದು ಮೊದಲ ಸಾಮಾನ್ಯ ಬಳಕೆದಾರನ ಸಂಖ್ಯೆ. ನಿಮ್ಮ ಪ್ರೋಗ್ರಾಮು ಆತನ ಸೊತ್ತಾಗಿಬಿಡಬಹುದು. ಡಿಪಿಕೆಜಿ-ಡೆಬ್‌ಗೆ ಒಡೆತನವನ್ನು ರೂಟ್ ಹೆಸರಿನಲ್ಲಿ ದಾಖಲಿಸುವ ರೂಟ್-ಓನರ್-ಗ್ರೂಪ್ ಆಯ್ಕೆಯನ್ನು ಕೊಡಿ. ಅದು ಇಲ್ಲದ ಹಳೆಯ ಆವೃತ್ತಿಯಾದರೆ ಫೇಕ್‌ರೂಟ್ (ರೂಟ್ ಆಗಿರುವಂತೆ ನಟಿಸುವ ಸಾಧನ) ಒಳಗೆ ಓಡಿಸಿ. ಸುಡೊ ಹಾಕಿ (ನಿಜವಾದ ರೂಟ್ ಅಧಿಕಾರದಲ್ಲಿ) ಬಿಲ್ಡ್ ಮಾಡುವ ದಾರಿಗೆ ಮಾತ್ರ ಹೋಗಬೇಡಿ, ಬಿಲ್ಡ್ ಡೈರೆಕ್ಟರಿಯಲ್ಲಿ ರೂಟ್ ಒಡೆತನದ ಕಡತಗಳು ಉಳಿದು ಮುಂದಿನ ಬಿಲ್ಡ್ ಅವನ್ನು ಅಳಿಸಲಾಗದೆ ನಿಲ್ಲುತ್ತದೆ.