ಶಕ್, ಹಸ್ಕ್, ಹಲ್, ಶೆಲ್: ಎಲ್ಲಾದಕ್ಕೂ ‘ಹೊಟ್ಟು’ ಅಂದ್ರ ನಡೀತೈತೇನ್ರಿ?

ಪ್ರಶ್ನೆ (ವಿಜಯಪುರ ಜಿಲ್ಲೆಯ ಇಂಡಿಯಿಂದ): ನಮಸ್ಕಾರ್ರಿ. ರೈತರ ಕಂಪನಿಯೊಂದಕ್ಕ ಇಂಗ್ಲಿಷ್ ಕೈಪಿಡಿ ಕನ್ನಡಕ್ಕ ಮಾಡಾಕತ್ತೀನಿ. ಗೊಂಜಾಳದ (ಮೆಕ್ಕೆಜೋಳದ) ಪಾಠದಾಗ ‘ಶಕ್’ ಅನ್ನೋ ಪದ ಮ್ಯಾಲಿಂದ ಮ್ಯಾಲೆ ಬರ್ತೈತಿ. ಕಾಗುಣಿತ ಎಸ್-ಎಚ್-ಯು-ಸಿ-ಕೆ. ನಿಘಂಟಿನಾಗ ಹೊಟ್ಟು, ಸಿಪ್ಪೆ, ಚಿಪ್ಪು ಮೂರೂ ಅದಾವು. ಎಲ್ಲಾ ಕಡೆ ‘ಹೊಟ್ಟು’ ಹಾಕಿಬಿಡ್ಲೇನ್ರಿ? ಒಂದು ಸಾಲಿನಾಗ ‘ಮೊದಲು ಶಕ್ ಮಾಡಿ, ಆಮ್ಯಾಲೆ ಶೆಲ್ ಮಾಡಿ’ ಅಂತ ಐತಿ. ಎರಡೂ ಸಿಪ್ಪೆ ತೆಗಿಯೋದೇ ಅಲ್ಲೇನ್ರಿ?

ಉತ್ತರ (ಕೃಷಿ ಅನುವಾದಕರು, ಬೆಳಗಾವಿ): ಹಾಕಬ್ಯಾಡ್ರಿ ಸರ್. ಗೊಂಜಾಳದಾಗ ಅವು ಎರಡು ಬ್ಯಾರೆ ಕೆಲಸ. ‘ಶಕ್’ ಅಂದ್ರ ತೆನಿ ಸುತ್ತಿಕೊಂಡಿರೋ ಎಲಿಯಂಥ ಸಿಪ್ಪಿ. ಅದೇ ಪದ ಕ್ರಿಯಾಪದ ಆದಾಗ ಆ ಸಿಪ್ಪಿ ಸುಲಿಯೋದು. ತೆನಿ ತುದಿಯಾಗ ಕೂದಲು ಇರೋ ಕಡೆ ಹೆಬ್ಬೆರಳು ಹಾಕಿ ಸಿಪ್ಪಿ ಎರಡು ಪಾಲು ಮಾಡಿ, ಕೆಳಗ ಜಗ್ಗಿ, ಬುಡದಾಗ ಲಟಕ್ಕನ ಮುರೀತೀವಲ್ಲ, ಅಷ್ಟೂ ‘ಶಕಿಂಗ್’. ‘ಶೆಲ್’ ಅಂದ್ರ ಸುಲಿದ ತೆನಿಯಿಂದ ಕಾಳು ಬಿಡಿಸೋದು. ಅಲ್ಲಿ ಯಾವ ಚಿಪ್ಪೂ ಇಲ್ಲ, ಪದ ಮಾತ್ರ ಹಂಗ ನಿಂತುಬಿಟ್ಟೈತಿ. ‘ಡಿಹಸ್ಕರ್ ಕಮ್ ಶೆಲ್ಲರ್’ ಅಂತ ಮಾರೋ ಯಂತ್ರ ಇವೆರಡನ್ನೂ ಒಂದೇ ಸಲ ಮಾಡ್ತೈತಿ. ಬರೀ ‘ಶೆಲ್ಲರ್’ ಅಂತಿದ್ರ ಸುಲಿದ ತೆನಿನೇ ಹಾಕಬೇಕು. ನೀವು ಎರಡಕ್ಕೂ ‘ಸಿಪ್ಪೆ ತೆಗೆಯಿರಿ’ ಅಂತ ಬರದ್ರ ಓದಿದಾಂವ ಸಿಪ್ಪಿ ಸಮೇತ ತೆನಿ ತುರುಕ್ತಾನ, ಯಂತ್ರ ಕಟ್ಕೊಂಡು ನಿಂದರ್ತೈತಿ.

ಹಂಗಾಗಿ ನಿಮ್ಮ ಸಾಲು: ‘ಮೊದಲು ತೆನೆ ಸುಲಿಯಿರಿ, ನಂತರ ಕಾಳು ಬಿಡಿಸಿರಿ.’ ಆ ಸಿಪ್ಪಿಗೆ ‘ರವದಿ’ ಅನ್ನೋ ಆಸೆನೂ ಬ್ಯಾಡ. ನಮ್ಮ ಭಾಗದಾಗ ರವದಿ ಅಂದಕೂಡಲೇ ಕಬ್ಬಿನ ಒಣ ಎಲಿನೇ ಕಣ್ಣಮುಂದ ಬರ್ತೈತಿ. ‘ತೆನೆ ಸಿಪ್ಪೆ’ ಸಾಕು.

ಗೊಂಜಾಳದ ಮಟ್ಟಿಗೆ ‘ಶಕ್’ ಮತ್ತು ‘ಹಸ್ಕ್’ ಒಂದೇ. ‘ಶಕ್’ ಹೆಚ್ಚು ಅಮೆರಿಕದ ಬಳಕೆ. 17ನೇ ಶತಮಾನದಿಂದ ಬರವಣಿಗೆಯಾಗ ಸಿಗ್ತೈತಿ, ಮೂಲ ಮಾತ್ರ ತಿಳಿದಿಲ್ಲ ಅಂತ ನಿಘಂಟುಗಳೇ ಹೇಳ್ತಾವು. ಸಮುದ್ರದ ಸಿಂಪಿಗೂ ಇದೇ ಪದ: ಗಿಡ್ಡ, ದಪ್ಪ ಅಲಗಿನ ಚಾಕು ಕೀಲಿನ ಸಂದಿಗೆ ಹೊಗಿಸಿ, ತಿರುವಿ, ಒಳಗಿನ ಸ್ನಾಯು ಕೊಯ್ದು ಬಿಚ್ಚೋದು ‘ಶಕಿಂಗ್’. ಅಲ್ಲಿ ಕನ್ನಡದಾಗ ‘ಚಿಪ್ಪು ಬಿಡಿಸು’. ಭತ್ತಕ್ಕ, ಜೋಳಕ್ಕ ‘ಶಕ್’ ಬರೋದಿಲ್ಲ. ಕೈಯಿಂದ ಸುಲಿಯೋ, ಬಿಚ್ಚೋ ವಸ್ತುವಿಗೆ ಮಾತ್ರ ಅದು.

ಇನ್ನೊಂದು ಎಚ್ಚರ: ‘ಕಾರ್ನ್ ಶಾಕ್’ ಅಂತ ಓ ಅಕ್ಷರದಿಂದ ಬರೆದಿದ್ರ ಅದು ಹೊಲದಾಗ ಕೊಯ್ದ ದಂಟನ್ನ ಒಟ್ಟಿಗೆ ಕಟ್ಟಿ ನಿಲ್ಲಿಸಿದ ಗೂಡು. ಒಂದೇ ಅಕ್ಷರದ ಫರಕ, ಅರ್ಥ ಪೂರಾ ಬ್ಯಾರೆ.

ಪ್ರಶ್ನೆ (ಜಮಖಂಡಿಯಿಂದ, ಶೇಂಗಾ ವ್ಯಾಪಾರ): ಸರ್, ಇದೇ ಎಳೆಯಾಗ ಕೇಳ್ತೀನಿ. ಹೊರಗಿನ ಆರ್ಡರ್‌ನಾಗ ‘ಶೆಲ್ಡ್ ಪೀನಟ್ಸ್ 1000 ಕೆಜಿ’ ಅಂತ ಐತಿ. ಶೆಲ್ ಇರೋದು ಅಂತ ತಿಳಕೊಂಡು ಕಾಯಿನೇ ಕಳಿಸಬೇಕೋ ಏನು?

ಉತ್ತರ (ಕೃಷಿ ಅನುವಾದಕರು): ಕಾಯಿ ಕಳಿಸಬ್ಯಾಡ್ರಿ, ಕಾಳು ಕಳಿಸ್ರಿ. ‘ಶೆಲ್ಡ್’, ‘ಹಲ್ಡ್’, ‘ಹಸ್ಕ್ಡ್’, ‘ಶಕ್ಡ್’ ನಾಲ್ಕೂ ‘ತೆಗೆದದ್ದು’ ಅಂತ. ಸಿಪ್ಪಿ ಸಮೇತ ಬೇಕಂದ್ರ ‘ಇನ್ ಶೆಲ್’ ಅಂತ ಬರೀತಾರ. ‘ಅನ್‌ಶೆಲ್ಡ್’ ಅಂದ್ರೂ ಇನ್ನೂ ಸಿಪ್ಪಿಯೊಳಗೇ ಇರೋದು. ಹಿಂಗ ನೋಡ್ರಿ: ಆ ಪದ ಕ್ರಿಯಾಪದದಿಂದ ಬಂದಿದ್ರ ಸಿಪ್ಪಿ ಹೋಗೈತಿ. ಆದ್ರ ‘ಹಾರ್ಡ್-ಶೆಲ್ಡ್’ ಅಂತ ಮುಂದ ಗುಣವಾಚಕ, ನಡುವ ಗೆರಿ ಇದ್ರ ಅದು ತಿರುಗಿ ‘ಗಟ್ಟಿ ಸಿಪ್ಪಿ ಇರೋದು’. ಇಲ್ಲೇ ಭಾಳ ಮಂದಿ ಎಡವ್ತಾರ.

ತೂಕದ ಲೆಕ್ಕನೂ ನೋಡ್ಕೋರಿ. 100 ಕೆಜಿ ಒಣ ಕಾಯಿ ಬಿಡಿಸಿದ್ರ ಸುಮಾರು 70 ಕೆಜಿ ಕಾಳು; ತಳಿ, ಬೆಳಿ ನೋಡಿ ಹೆಚ್ಚುಕಮ್ಮಿ ಆಗ್ತೈತಿ. 1000 ಕೆಜಿ ಕಾಳಿಗೆ 1400 ಕೆಜಿ ಮ್ಯಾಲೆ ಕಾಯಿ ಬೇಕು. ಕಾಳಿನ ಕೆಂಪು ಪದರೂ ತೆಗೆದಿರಬೇಕಂದ್ರ ‘ಬ್ಲಾಂಚ್ಡ್’ ಅಂತ ಪ್ರತ್ಯೇಕ ಬರೀತಾರ, ‘ಶೆಲ್ಡ್’ ಅಂದ್ರ ಅದು ಬರೋದಿಲ್ಲ. ಸಂಶಯ ಇದ್ರ ಗಿರಾಕಿಗೆ ಒಂದೇ ಪ್ರಶ್ನೆ ಬರದು ಕೇಳ್ರಿ: ಕಾಯಿ ಬೇಕೋ, ಕೆಂಪು ಪದರಿನ ಕಾಳು ಬೇಕೋ, ಬಿಳಿ ಕಾಳು ಬೇಕೋ.

ಸೇರಿಸಿದ್ದು (ಪಶು ಆಹಾರ ಮಾಹಿತಿ, ಬಾಗಲಕೋಟೆ): ಅಕ್ಕಿಯ ಮಾತೂ ಇದರಾಗ ಬರಬೇಕು. ‘ರೈಸ್ ಹಲ್’ ಅಥವಾ ‘ರೈಸ್ ಹಸ್ಕ್’ ಅಂದ್ರ ಹೊಟ್ಟು, ‘ಬ್ರಾನ್’ ಅಂದ್ರ ತೌಡು. 100 ಕೆಜಿ ಭತ್ತದಾಗ ಸುಮಾರು 20 ಕೆಜಿ ಹೊಟ್ಟು. ಅದರಾಗ ಸಿಲಿಕಾ ಹೆಚ್ಚು, ದನಕ್ಕ ಪೋಷಣೆ ಸಿಗೋದು ಭಾಳ ಕಡಿಮಿ. ತೌಡಿನಾಗ ಎಣ್ಣಿ ಅಂಶ ಐತಿ, ಅದು ಮೇವು. ಕೋಳಿ ಶೆಡ್ಡಿಗೆ ಎರಡು-ಮೂರು ಇಂಚು ಹಾಸೋದು ಹೊಟ್ಟು. ಅನುವಾದದಾಗ ಅದು ತೌಡು ಅಂತ ಆದ್ರ ಹಸಿ ಹಿಡದು ಗಬ್ಬು ನಾರ್ತೈತಿ, ಹುಳ ಬೀಳ್ತಾವು, ಇಲಿ ಬರ್ತಾವು.

‘ಚಾಫ್’ ಅನ್ನೋದೂ ಹಂಗ. ರಾಶಿ ತೂರಿದಾಗ ಹಾರಿ ಹೋಗೋದು ಚಾಫ್, ಅದು ಹೊಟ್ಟು. ಆದ್ರ ‘ಚಾಫ್ ಕಟರ್’ ಅಂದಾಗ ಚಾಫ್ ಅಂದ್ರ ಕತ್ತರಿಸಿದ ಮೇವು. ‘ಹೊಟ್ಟು ಕತ್ತರಿಸೋ ಯಂತ್ರ’ ಅಂದ್ರ ಯಾರಿಗೂ ತಿಳಿಯೋದಿಲ್ಲ.

ಪ್ರಶ್ನೆ (ಇಂಡಿಯಿಂದ): ಭಾಳ ಉಪಕಾರ ಆತ್ರಿ. ಕಡೀಕ ಒಂದು. ಕೈಪಿಡಿ ಮುನ್ನುಡಿಯಾಗ ಒಬ್ಬ ರೈತನ್ನ ಹೊಗಳಿದಾಗ ಆತ ‘ಆ, ಶಕ್ಸ್!’ ಅಂತಾನ. ಇಲ್ಲಿ ಸಿಪ್ಪಿ ಎಲ್ಲಿಂದ ಬಂತ್ರಿ?

ಉತ್ತರ (ಕೃಷಿ ಅನುವಾದಕರು): ಸಿಪ್ಪಿ ಅಂದ್ರ ಬೆಲೆ ಇಲ್ಲದ್ದು ಅನ್ನೋ ಅರ್ಥದಿಂದ ಅಮೆರಿಕದಾಗ 19ನೇ ಶತಮಾನದಾಗ ಹುಟ್ಟಿದ ಉದ್ಗಾರ ಅಂತ ವಿವರಿಸ್ತಾರ. ನಾವು ಹುರುಳಿಲ್ಲದ ಮಾತಿಗೆ ‘ಬರೇ ಜೊಳ್ಳು’ ಅಂತೀವಲ್ಲ, ಹಾದಿ ಅದೇ. ಹೊಗಳಿಕೆಗೆ ನಾಚಿದಾಗ ಬಂದ್ರ ‘ಅಯ್ಯ, ಬಿಡ್ರಿ, ಅದೇನು ದೊಡ್ಡದು’ ಅಂತ ಹಾಕ್ರಿ. ಏನೋ ಕೈತಪ್ಪಿದಾಗ ಬಂದ್ರ ‘ಛೆ’ ಸಾಕು. ಬೈಗುಳ ಅಲ್ಲ, ಭಾಳ ಮೆತ್ತನ್ನ ಮಾತು. ‘ಶಕ್ ಆ್ಯಂಡ್ ಜೈವ್’ (ಸುಳ್ಳು-ನಯದ ಮಾತಾಡಿ ಮರುಳು ಮಾಡೋದು) ಅಂತ ಎಲ್ಲಾದರೂ ಕಂಡ್ರ ಮಾತ್ರ ಹಗುರ ತಗೋಬ್ಯಾಡ್ರಿ. ಅದು ಕಪ್ಪು ಅಮೆರಿಕನ್ನರ ಆಡುಮಾತಿಂದ ಬಂದದ್ದು, ಬ್ಯಾರೆಯವರು ಅವರ ಮ್ಯಾಲೆ ಬಳಸಿದ್ರ ಅವಮಾನ ಆಗ್ತೈತಿ. ಕೈಪಿಡಿಯಾಗ ಬ್ಯಾಡವೇ ಬ್ಯಾಡ.

ಕೈಪಿಡಿಯಾಗ ‘ತೊಗರಿ ಹಸ್ಕ್’ ಅಂತ ಎಲ್ಲಾದರೂ ಇದ್ರ ಅಚ್ಚಿಗೆ ಕೊಡೋ ಮುಂಚೆ ಆ ಪುಟ ಇನ್ನೊಮ್ಮೆ ತೆಗೀರಿ. ನಿಮ್ಮ ಕಡೆ ಕಣದಾಗ ಉಳಿಯೋ ಕಾಯಿಯ ಪದರಿಗೂ ಹೊಟ್ಟು ಅಂತಾರ, ಬ್ಯಾಳಿ ಮಿಲ್ಲಿನಾಗ ಕಾಳಿನಿಂದ ಬಿಡೋ ಪದರಿಗೂ ಹೊಟ್ಟು ಅಂತಾರ. ಮಿಲ್ಲಿನ ಪಾಠ ಆಗಿದ್ರ ‘ಕಾಳಿನ ಸಿಪ್ಪೆ’ ಅಂತ ಬರೀರಿ.