90 ಸಾವಿರದ ಗೇಮಿಂಗ್ ಪಿಸಿ: ಈ ಕೊಟೇಶನ್‌ಗೆ ಅಡ್ವಾನ್ಸ್ ಕೊಡಬಹುದಾ?

ಪ್ರಶ್ನೆ (ದಾವಣಗೆರೆಯ ವಿದ್ಯಾರ್ಥಿ):
ಅಣ್ಣಾ, ನಮಸ್ಕಾರ. ನಾನು ಸಿವಿಲ್ ಇಂಜಿನಿಯರಿಂಗ್ ಎರಡನೇ ವರ್ಷ. ಪಿಸಿಗೆ ಮನೆಯಲ್ಲಿ 90 ಸಾವಿರ ಕೊಡುತ್ತೇವೆ ಅಂದಿದ್ದಾರೆ, ಮಾನಿಟರ್ ಸೇರಿ ಅಷ್ಟರಲ್ಲೇ ಮುಗಿಯಬೇಕು. ದಿನಾ ವ್ಯಾಲರಂಟ್ ಆಡುತ್ತೇನೆ, ಸೈಬರ್‌ಪಂಕ್ 2077 ಆಡುವ ಆಸೆ ತುಂಬಾ ದಿನದಿಂದ ಇದೆ. ಜೊತೆಗೆ ಡ್ರಾಯಿಂಗ್‌ಗೆ ಆಟೋಕ್ಯಾಡ್, 3ಡಿ ಮಾಡೆಲ್‌ಗೆ ಸ್ವಲ್ಪ ಬ್ಲೆಂಡರ್. ಬೆಂಗಳೂರಿನ ಎಸ್‌ಪಿ ರೋಡ್‌ನ ಒಂದು ಅಂಗಡಿಯವರು ಕೊಟ್ಟ ಪಟ್ಟಿ ಇದು: ಇಂಟೆಲ್ ಐ7-12700ಎಫ್, ಬಿ660 ಬೋರ್ಡ್, 16 ಜಿಬಿ ಡಿಡಿಆರ್4 ರ್‍ಯಾಮ್ ಒಂದೇ ಸ್ಟಿಕ್, ಆರ್‌ಟಿಎಕ್ಸ್ 3050 6 ಜಿಬಿ, 512 ಜಿಬಿ ಎಸ್‌ಎಸ್‌ಡಿ, ಆರ್‌ಜಿಬಿ ಲಿಕ್ವಿಡ್ ಕೂಲರ್, ಗಾಜಿನ ಕ್ಯಾಬಿನೆಟ್, ಎಸ್‌ಎಂಪಿಎಸ್ 650 ವ್ಯಾಟ್, 24 ಇಂಚಿನ 75 ಹರ್ಟ್ಸ್ ಮಾನಿಟರ್. ತಗೋಬಹುದಾ?

ಉತ್ತರ (ಪಿಸಿ ಅಸೆಂಬ್ಲಿ, ಸರ್ವಿಸ್ ಕೆಲಸದವರು):
ತಮ್ಮಾ, ಈ ಪಟ್ಟಿಗೆ ಅಡ್ವಾನ್ಸ್ ಕೊಡಬೇಡ. ದುಡ್ಡೆಲ್ಲ ಕಣ್ಣಿಗೆ ಕಾಣುವ ಕಡೆ ಹೋಗಿದೆ. ಐ7 ಅನ್ನೋ ಹೆಸರು, ಲಿಕ್ವಿಡ್ ಕೂಲರ್, ಬಣ್ಣದ ಫ್ಯಾನ್. ನಿಜವಾಗಿ ಆಟ ಓಡಿಸುವುದು ಗ್ರಾಫಿಕ್ಸ್ ಕಾರ್ಡ್, ಅಲ್ಲೇ ಕೈ ಬಿಗಿ ಹಿಡಿದಿದ್ದಾರೆ.

3050 ಅಂತ ಹೆಸರು ನೋಡಿ ಸುಮ್ನೆ ಒಪ್ಪಿಕೊಳ್ಳಬೇಡ. 2022ರಲ್ಲಿ ಬಂದ 3050ಗೆ 8 ಜಿಬಿ ಮೆಮೊರಿ, 2560 ಕೋರ್, 128 ಬಿಟ್ ಬಸ್ (ಮೆಮೊರಿಗೆ ಹೋಗುವ ದಾರಿಯ ಅಗಲ) ಇತ್ತು. 2024ರಲ್ಲಿ ಅದೇ ಹೆಸರಲ್ಲಿ ಬಂದ 6 ಜಿಬಿ ಕಾರ್ಡ್‌ಗೆ ಇರುವುದು 2304 ಕೋರ್, 96 ಬಿಟ್ ಬಸ್. ಅದು 70 ವ್ಯಾಟ್ ಕಾರ್ಡ್. ಹಳೇ ಆಫೀಸ್ ಪಿಸಿಗೆ ಬೇರೆ ಪವರ್ ಕೇಬಲ್ ಇಲ್ಲದೆ ಹಾಕಿಕೊಳ್ಳುವವರಿಗೆ ಅದು ಒಳ್ಳೆಯದೇ, ಆದರೆ ಹೊಸದಾಗಿ 90 ಸಾವಿರ ಹಾಕುತ್ತಿರುವ ನಿನಗೆ ಅದರಿಂದ ಏನೂ ಲಾಭ ಇಲ್ಲ.

ಮೊದಲು ಮಾನಿಟರ್ ತೀರ್ಮಾನ ಮಾಡು, ಮಿಕ್ಕಿದ್ದು ಅದರ ಹಿಂದೆ ಬರುತ್ತದೆ. ವ್ಯಾಲರಂಟ್ ದಿನಾ ಆಡುವವನಿಗೆ 75 ಹರ್ಟ್ಸ್, ಅಂದರೆ ಸೆಕೆಂಡಿಗೆ 75 ಸಲ ಮಾತ್ರ ಚಿತ್ರ ಬದಲಿಸುವ ಪರದೆ, ಯಾಕೆ? 24 ಇಂಚು, 1080ಪಿ, ಐಪಿಎಸ್ ಪ್ಯಾನೆಲ್, 144 ಹರ್ಟ್ಸ್ ಅಥವಾ ಮೇಲಿನದು ತಗೋ. 1440ಪಿಗೆ ಈಗ ಆಸೆ ಪಡಬೇಡ. 1080ಪಿಯಲ್ಲಿ ಕಾರ್ಡ್ ಪ್ರತಿ ಫ್ರೇಮ್‌ಗೆ ಸುಮಾರು 21 ಲಕ್ಷ ಪಿಕ್ಸೆಲ್ ಬಿಡಿಸಬೇಕು, 1440ಪಿಯಲ್ಲಿ ಸುಮಾರು 37 ಲಕ್ಷ. ಅಷ್ಟು ಭಾರ ಎಳೆಯುವ ಕಾರ್ಡ್ ತಗೊಂಡರೆ ನಿನ್ನ ಬಜೆಟ್ ಅಲ್ಲೇ ಮುಗಿಯುತ್ತದೆ.

ಕಾರ್ಡ್‌ಗೆ ಒಟ್ಟು ದುಡ್ಡಿನ ಮೂರನೇ ಒಂದು ಭಾಗ ಎತ್ತಿಡು. ಬ್ಲೆಂಡರ್ ಇದೆ ಅಂದೆಯಲ್ಲ, ಅದಕ್ಕೇ ಆರ್‌ಟಿಎಕ್ಸ್ 5060 ಹೇಳುತ್ತೇನೆ. ಬ್ಲೆಂಡರ್ ರೆಂಡರಿಂಗ್‌ನಲ್ಲಿ ಎನ್‌ವಿಡಿಯಾ ಕಾರ್ಡ್‌ಗಳದ್ದೇ ಮೇಲುಗೈ, ಸೈಬರ್‌ಪಂಕ್‌ಗೆ ಡಿಎಲ್‌ಎಸ್‌ಎಸ್ (ಎಐ ಬಳಸಿ ಫ್ರೇಮ್ ಹೆಚ್ಚಿಸುವ ತಂತ್ರ) ಕೂಡ ಸಿಗುತ್ತದೆ. 8 ಜಿಬಿ ಮೆಮೊರಿ ಅನ್ನುವುದು ಅದರ ಕೊರತೆ. ಬರೀ ಆಟಕ್ಕೆ ಅಂತಿದ್ದರೆ ಎಎಂಡಿಯ ಆರ್‌ಎಕ್ಸ್ 9060 ಎಕ್ಸ್‌ಟಿ 16 ಜಿಬಿ ನೋಡು ಅನ್ನುತ್ತಿದ್ದೆ. ಅದರಲ್ಲೂ 8 ಜಿಬಿಯದ್ದು ಬೇರೆ ಇದೆ, ಬಿಲ್ ಮಾಡಿಸುವಾಗ ಡಬ್ಬ ಓದು.

ಈಗ ನನಗೆ ಜಾಸ್ತಿ ಭಯ ಹುಟ್ಟಿಸಿದ ಸಾಲು: "ಎಸ್‌ಎಂಪಿಎಸ್ 650 ವ್ಯಾಟ್". ಕಂಪನಿ ಇಲ್ಲ, ಮಾಡೆಲ್ ಇಲ್ಲ. ಇಡೀ ಪಿಸಿಗೆ ಕರೆಂಟ್ ಹಂಚುವ ಡಬ್ಬಕ್ಕೆ ಹೆಸರೇ ಬರೆದಿಲ್ಲ ಅಂದರೆ ಅಲ್ಲಿ ಯಾವುದನ್ನು ಬೇಕಾದರೂ ಇಡಬಹುದು ಅಂತ ಅರ್ಥ. ಅಂಗಡಿಯಲ್ಲಿ ಅದನ್ನು ಕೈಗೆ ತಗೊಂಡು ಪಕ್ಕದ ಸ್ಟಿಕ್ಕರ್ ಓದು. ಪ್ಲಸ್ 12 ವೋಲ್ಟ್ ಅನ್ನುವ ಕಡೆ ಎಷ್ಟು ಆಂಪಿಯರ್ ಇದೆ ನೋಡು. 45 ಆಂಪಿಯರ್ ಇದ್ದರೆ 12ರಿಂದ ಗುಣಿಸು, 540 ವ್ಯಾಟ್. ಅಲ್ಲಿ 20 ಅಂತಷ್ಟೇ ಇದ್ದರೆ ಸಿಗುವುದು 240 ವ್ಯಾಟ್, ಡಬ್ಬದ ಮೇಲೆ ದಪ್ಪ ಅಕ್ಷರದಲ್ಲಿ 650 ಅಂತ ಬರೆದಿದ್ದರೂ ಅಷ್ಟೇ. ಪ್ರೊಸೆಸರ್, ಕಾರ್ಡ್ ಎರಡೂ ಎಳೆಯುವುದು ಆ 12 ವೋಲ್ಟ್ ಸಾಲಿನಿಂದಲೇ. 80 ಪ್ಲಸ್ ಬ್ರಾಂಜ್ ಅನ್ನುವ ಗುರುತು ಇರಲಿ, ಆದರೆ ಅದು ಹೇಳುವುದು ಕರೆಂಟ್ ಎಷ್ಟು ಪೋಲಾಗುತ್ತದೆ ಅಂತ ಮಾತ್ರ, ಒಳಗಿನ ಮಾಲಿನ ಬಗ್ಗೆ ಅಲ್ಲ. 5060ಗೆ 145 ವ್ಯಾಟ್, ಐ7 ಬದಲು 6 ಕೋರ್ ಪ್ರೊಸೆಸರ್ ಹಾಕಿದರೆ ಅದು ಪೂರ್ತಿ ಓಡಿದಾಗ ನೂರರ ಆಸುಪಾಸು, ಮಿಕ್ಕಿದ್ದೆಲ್ಲ ಸೇರಿಸಿದರೂ 350 ದಾಟುವುದಿಲ್ಲ. ಹೆಸರಿರುವ ಕಂಪನಿಯ, 5 ವರ್ಷ ವಾರಂಟಿಯ 550 ವ್ಯಾಟ್‌ದು ಧಾರಾಳ ಸಾಕು.

ಪ್ರಶ್ನೆ (ಅದೇ ವಿದ್ಯಾರ್ಥಿ):
ಐ7 ಬಿಟ್ಟರೆ ಮುಂದೆ ಕಷ್ಟ ಆಗಲ್ವಾ ಅಣ್ಣಾ? ಫ್ರೆಂಡ್ಸ್ ಡಿಡಿಆರ್5 (ಹೊಸ ತಲೆಮಾರಿನ ರ್‍ಯಾಮ್) ಇಲ್ಲದ ಪಿಸಿ ತಗೊಳ್ಳಲೇಬೇಡ ಅನ್ನುತ್ತಿದ್ದಾರೆ.

ಉತ್ತರ:
ನಿನ್ನ ಕೆಲಸಕ್ಕೆ 6 ಕೋರ್ ಸಾಕು. ಆಟೋಕ್ಯಾಡ್ ಬಹುಪಾಲು ಒಂದೇ ಕೋರ್ ಮೇಲೆ ಓಡುತ್ತದೆ, ಅಲ್ಲಿ 12 ಕೋರ್ ಕೊಟ್ಟರೂ ಉಳಿದವು ಕೂತಿರುತ್ತವೆ. ದಾರಿ ಎರಡಿವೆ. ಒಂದು, ಐ5-12400ಎಫ್, ಡಿಡಿಆರ್4. ಇನ್ನೊಂದು, ರೈಜನ್ 5 7600, ಬಿ650 ಬೋರ್ಡ್, ಡಿಡಿಆರ್5. ಎರಡನೆಯದರ ಎಎಂ5 ಸಾಕೆಟ್‌ಗೆ (ಬೋರ್ಡ್‌ನಲ್ಲಿ ಪ್ರೊಸೆಸರ್ ಕೂರುವ ಜಾಗ) 2027ರವರೆಗೂ, ಅದರಾಚೆಗೂ ಬೆಂಬಲ ಇದೆ ಅಂತ ಎಎಂಡಿ ಹೇಳಿದೆ, ಅಂದರೆ ನಾಲ್ಕು ವರ್ಷ ಬಿಟ್ಟು ಬೋರ್ಡ್ ಬದಲಿಸದೆ ಪ್ರೊಸೆಸರ್ ಮಾತ್ರ ಬದಲಿಸಬಹುದು. ಫ್ರೆಂಡ್ಸ್ ಹೇಳಿದ್ದರಲ್ಲಿ ನ್ಯಾಯ ಇದೆ.

ಆದರೆ ರೇಟ್ ನೋಡಬೇಕು. ಮೆಮೊರಿ ಚಿಪ್ ಮಾಡುವ ಕಂಪನಿಗಳು ಎಐ ಸರ್ವರ್‌ಗಳ ಕಡೆ ವಾಲಿದ ಮೇಲೆ, 2025ರ ಕೊನೆಯಿಂದ ರ್‍ಯಾಮ್ ಬೆಲೆ ಸಿಕ್ಕಾಪಟ್ಟೆ ಏರಿದೆ. ಎರಡೂ ಪಟ್ಟಿಗೆ ಅದೇ ದಿನದ ರೇಟ್ ಹಾಕಿಸು. ಡಿಡಿಆರ್5ಗೋಸ್ಕರ 5060 ಬಿಟ್ಟು ಕೆಳಗಿನ ಕಾರ್ಡ್‌ಗೆ ಇಳಿಯುವ ಪರಿಸ್ಥಿತಿ ಬಂದರೆ ಮಾತ್ರ ಡಿಡಿಆರ್4 ತಗೋ. ಯಾವುದಾದರೂ ಸರಿ, ಒಂದು 16ರ ಬದಲು 8 ಜಿಬಿಯ ಎರಡು ಸ್ಟಿಕ್ ಹಾಕಿಸು. ಡ್ಯುಯಲ್ ಚಾನೆಲ್ ಆಗುತ್ತದೆ, ಅಂದರೆ ಎರಡು ದಾರಿಯಲ್ಲಿ ಡೇಟಾ ಓಡುತ್ತದೆ, ವ್ಯಾಲರಂಟ್‌ನಲ್ಲಿ ವ್ಯತ್ಯಾಸ ಕಾಣುತ್ತದೆ. 7600 ಜೊತೆ ಡಬ್ಬದಲ್ಲೇ ಕೂಲರ್ ಬರುತ್ತದೆ, 12400ಎಫ್ ಡಬ್ಬದ್ದಕ್ಕೂ ಬರುತ್ತದೆ. ಲಿಕ್ವಿಡ್ ಕೂಲರ್ ದುಡ್ಡನ್ನು 1 ಟಿಬಿ ಎಸ್‌ಎಸ್‌ಡಿಗೆ ಹಾಕು, ಸೈಬರ್‌ಪಂಕ್ ಒಂದಕ್ಕೇ 70 ಜಿಬಿ ಬೇಕು. ಕ್ಯಾಬಿನೆಟ್ ಮುಂದೆ ಗಾಜು ಬೇಡ, ಜಾಲರಿ ಇರಲಿ. ದಾವಣಗೆರೆ ಏಪ್ರಿಲ್ ನಿನಗೇ ಗೊತ್ತಲ್ವಾ.

ಪ್ರಶ್ನೆ (ಶಿವಮೊಗ್ಗದಿಂದ ಒಬ್ಬ ತಾಯಿ):
ಸರ್, ಮಧ್ಯೆ ಕೇಳುತ್ತಿದ್ದೇನೆ. ಮಗನಿಗೆ ಹೋದ ತಿಂಗಳು ಇಂಥದ್ದೇ ಪಿಸಿ ಮಾಡಿಸಿದೆವು. ಕ್ಯಾಬಿನೆಟ್ ಮುಟ್ಟಿದರೆ ಜುಮ್ ಅನ್ನುತ್ತದೆ. ಪಾರ್ಟ್ಸ್ ಕೆಟ್ಟಿದೆಯಾ? ಕರೆಂಟ್ ಬೇರೆ ಪದೇ ಪದೇ ಹೋಗುತ್ತದೆ, ಮನೆಯ ಇನ್ವರ್ಟರ್‌ಗೆ ಕೊಡಬಹುದಾ?

ಉತ್ತರ:
ಮೇಡಂ, ಮೊದಲು ಆ ಪ್ಲಗ್ ತೆಗೆಸಿಡಿ, ಎಲೆಕ್ಟ್ರಿಷಿಯನ್ ನೋಡುವವರೆಗೆ ಹಾಕಬೇಡಿ. ಬಹುಶಃ ಮನೆಯ ಅರ್ಥಿಂಗ್ ಸರಿ ಇಲ್ಲ. ಎಸ್‌ಎಂಪಿಎಸ್ ಒಳಗಿನ ಫಿಲ್ಟರ್‌ನಿಂದ ಒಂಚೂರು ಕರೆಂಟ್ ಕ್ಯಾಬಿನೆಟ್ ಲೋಹಕ್ಕೆ ಬರುತ್ತದೆ, ಅದು ಸಹಜ. ಅದು ಮೂರನೇ ಪಿನ್ ಮೂಲಕ ನೆಲಕ್ಕೆ ಇಳಿಯಬೇಕು. ದಾರಿ ಇಲ್ಲದಿದ್ದರೆ ಮುಟ್ಟಿದವರ ಕೈಗೆ ಬರುತ್ತದೆ. ಎಲೆಕ್ಟ್ರಿಷಿಯನ್ ಫೇಸ್‌ನಿಂದ ಅರ್ಥ್‌ಗೆ ಅಳೆದರೆ 230 ವೋಲ್ಟ್ ಆಸುಪಾಸು ಬರಬೇಕು, ನ್ಯೂಟ್ರಲ್‌ನಿಂದ ಅರ್ಥ್‌ಗೆ ಒಂದೆರಡು ವೋಲ್ಟ್ ಮೀರಬಾರದು. ಅರ್ಥಿಂಗ್ ಸರಿ ಇದ್ದೂ ಜುಮ್ ಅಂದರೆ ಎಸ್‌ಎಂಪಿಎಸ್ ಬದಲಿಸಿ. ಎರಡು ಪಿನ್ನಿನ ಕನ್ವರ್ಟರ್ ಹಾಕಿದ್ದರೆ ಇವತ್ತೇ ಬಿಸಾಕಿ.

ಇನ್ವರ್ಟರ್ ಸ್ಕ್ವೇರ್ ವೇವ್ ಆದರೆ ಬೇಡವೇ ಬೇಡ. ಪ್ಯೂರ್ ಸೈನ್ ವೇವ್ ಆದರೂ ಬದಲಾಗುವ ಆ ಕ್ಷಣದಲ್ಲಿ ಪಿಸಿ ಆಫ್ ಆಗಬಹುದು. ಬೇರೆ ಯುಪಿಎಸ್ ತಗೊಳ್ಳಿ. 600 ವಿಎ ಅಂತ ಮಾರುವುದರಲ್ಲಿ ಸಾಮಾನ್ಯವಾಗಿ 360 ವ್ಯಾಟ್ ಮಾತ್ರ ಸಿಗುತ್ತದೆ, ಮಾನಿಟರ್ ಸೇರಿದರೆ ಅದು ತುದಿಗೆ ಬರುತ್ತದೆ. 1000 ವಿಎಯದ್ದು ನೋಡಿ. ಕೆಲವು ನಿಮಿಷ ನಿಲ್ಲುತ್ತದೆ. ಆಟ ಮುಂದುವರಿಸುವುದಕ್ಕಲ್ಲ, ಸೇವ್ ಮಾಡಿ ಆಫ್ ಮಾಡುವುದಕ್ಕೆ ಅಂತ ಮಗನಿಗೆ ಹೇಳಿಡಿ.

ಪ್ರಶ್ನೆ (ದಾವಣಗೆರೆಯ ವಿದ್ಯಾರ್ಥಿ):
ಅಣ್ಣಾ, ಕೊನೆಯದಾಗಿ ಒಂದು. ನಾನೇ ಜೋಡಿಸಲಾ, ಅಂಗಡಿಯಲ್ಲೇ ಮಾಡಿಸಿ ಬಸ್ಸಲ್ಲಿ ತರಲಾ?

ಉತ್ತರ:
ನೀನೇ ಜೋಡಿಸು, ಒಂದು ಭಾನುವಾರದ ಕೆಲಸ. ಎರಡು ಕಡೆ ಮಾತ್ರ ಉಸಿರು ಬಿಗಿ ಹಿಡಿ. ಈ ಬೋರ್ಡ್‌ಗಳಲ್ಲಿ ಪಿನ್ ಇರುವುದು ಸಾಕೆಟ್‌ನಲ್ಲಿ, ಕೂದಲಿನಷ್ಟು ತೆಳ್ಳಗಿವೆ. ಪ್ರೊಸೆಸರ್‌ನ ತ್ರಿಕೋನದ ಗುರುತು ಸಾಕೆಟ್ ಗುರುತಿಗೆ ಹೊಂದಿಸಿ ಸುಮ್ಮನೆ ಇಡು, ಒತ್ತಬೇಡ. ಸಾಕೆಟ್ ಮೇಲಿನ ಪ್ಲಾಸ್ಟಿಕ್ ಮುಚ್ಚಳ ಡಬ್ಬದಲ್ಲೇ ಇಟ್ಟುಕೋ, ವಾರಂಟಿಗೆ ಬೋರ್ಡ್ ಕಳಿಸುವಾಗ ಕೇಳುತ್ತಾರೆ. ಇನ್ನೊಂದು, ಪ್ರೊಸೆಸರ್‌ನ 8 ಪಿನ್ ಕೇಬಲ್, ಕಾರ್ಡ್‌ನ 8 ಪಿನ್ ಕೇಬಲ್ ನೋಡಲು ಒಂದೇ ಥರ ಇರುತ್ತವೆ. 4 ಮತ್ತು 4 ಆಗಿ ಒಡೆಯುವುದು ಪ್ರೊಸೆಸರ್‌ದು, 6 ಮತ್ತು 2 ಆಗುವುದು ಕಾರ್ಡ್‌ದು.

ಆನ್ ಮಾಡಿದ ಮೇಲೆ ಗಾಬರಿ ಬೀಳಬೇಡ. ಎಎಂ5 ಬೋರ್ಡ್ ಮೊದಲ ಸಲ ರ್‍ಯಾಮ್ ಅಳೆಯುತ್ತಾ ಕೆಲವು ನಿಮಿಷ ಕಪ್ಪು ಪರದೆಯಲ್ಲೇ ಇರುತ್ತದೆ. ಮಾನಿಟರ್ ಕೇಬಲ್ ಬೋರ್ಡ್‌ಗಲ್ಲ, ಕಾರ್ಡ್‌ಗೆ ಹಾಕು. ರ್‍ಯಾಮ್ ವೇಗಕ್ಕೆ ಬಯಾಸ್‌ನಲ್ಲಿ (ಬೋರ್ಡ್‌ನ ಸೆಟ್ಟಿಂಗ್ ಪರದೆ) ಎಕ್ಸ್‌ಎಂಪಿ ಅಥವಾ ಎಕ್ಸ್‌ಪೋ ಆನ್ ಮಾಡು. ವಿಂಡೋಸ್ 11ರಲ್ಲಿ ವ್ಯಾಲರಂಟ್ ಓಡಲು ಟಿಪಿಎಂ 2.0, ಸೆಕ್ಯೂರ್ ಬೂಟ್ ಅನ್ನುವ ಎರಡು ಭದ್ರತಾ ಸೆಟ್ಟಿಂಗ್‌ಗಳೂ ಆನ್ ಇರಬೇಕು. ಡಿಸ್‌ಪ್ಲೇ ಸೆಟ್ಟಿಂಗ್‌ನಲ್ಲಿ 60 ಅಂತಿದ್ದರೆ 144 ಮಾಡು.

ಪ್ರತಿ ಪಾರ್ಟ್‌ನ ಸೀರಿಯಲ್ ನಂಬರ್ ಇರುವ ಜಿಎಸ್‌ಟಿ ಬಿಲ್ ಕೇಳಿ ತಗೋ, ಬಿಲ್ ಇಲ್ಲದೆ ಕಡಿಮೆಗೆ ಕೊಡುತ್ತೇವೆ ಅಂದರೆ ಎದ್ದು ಬಾ. ಎಲ್ಲಾ ಡಬ್ಬಗಳನ್ನೂ ಹಾಗೇ ಬಸ್ಸಿಗೆ ಹಾಕಿಕೊಂಡು ಬರಬಹುದು. ಅಪ್ಪ ಅಂಗಡಿಯಲ್ಲೇ ಮಾಡಿಸು ಅಂದರೆ, ಹೊರಡುವ ಮುಂಚೆ ಕಾರ್ಡ್ ಬಿಚ್ಚಿ ಅದರ ಡಬ್ಬದಲ್ಲಿಟ್ಟು ಕೈಯಲ್ಲೇ ತಗೊಂಡು ಬಾ. ದಾರಿಯ ಕುಲುಕಾಟಕ್ಕೆ ಅದರ ಭಾರ ಸ್ಲಾಟ್ ಮೇಲೆ ಬೀಳುತ್ತದೆ. ಬಿಚ್ಚುವಾಗ ಸ್ಕ್ರೂ ತೆಗೆದ ಮೇಲೆ ಸ್ಲಾಟ್ ತುದಿಯ ಚಿಕ್ಕ ಕ್ಲಿಪ್ ಒತ್ತಿ ಆಮೇಲೆ ಎಳೆ.