ಸ್ಪೀಕರ್ ಕೋನಿನ ‘ಸರೌಂಡ್’ಗೆ ಕನ್ನಡದಲ್ಲಿ ಏನೆನ್ನೋಣ? ಶುಕ್ರವಾರದೊಳಗೆ ಬೇಕು

(ಡೊಂಬಿವಲಿಯಿಂದ)
ಬಳಗದವರಿಗೆ ನಮಸ್ಕಾರ. ಇಲ್ಲಿ ಗೆಳೆಯನೊಬ್ಬ ಹಳೆಯ ಹೈಫೈ ಸ್ಪೀಕರುಗಳನ್ನು ಸರಿಮಾಡಿ ಕೊಡುತ್ತಾನೆ. ಬೋರ್ಡಿನಲ್ಲಿ ಮರಾಠಿಯ ಕೆಳಗೆ ಕನ್ನಡದ ಎರಡು ಸಾಲೂ ಇರಲಿ ಎಂದಿದ್ದಾನೆ. ಬರೆಯುವವರು ಶುಕ್ರವಾರ ಬರುತ್ತಾರೆ. ಅವನ ಮುಖ್ಯ ಕೆಲಸ ಕೋನಿನ (ಸ್ಪೀಕರಿನಲ್ಲಿ ಅದುರಿ ಸದ್ದು ಹೊರಡಿಸುವ ಬಟ್ಟಲಿನಂಥ ಭಾಗ) ಸುತ್ತಲಿನ ಫೋಮ್ ಪಟ್ಟಿ ಬದಲಿಸುವುದು. ಇದೇ ಇಂಗ್ಲಿಷಿನ ‘ಸರೌಂಡ್’. 70–80ರ ದಶಕದ ಎಷ್ಟೋ ಸ್ಪೀಕರುಗಳಲ್ಲಿ ಆ ಪಾಲಿಯುರೆಥೇನ್ ಫೋಮ್ ನಮ್ಮ ಮುಂಬಯಿಯ ತೇವಕ್ಕೆ ಕೊಳೆತು, ಬೆರಳು ತಾಗಿದರೆ ಉದುರುತ್ತದೆ. ಕೋನು, ಮ್ಯಾಗ್ನೆಟ್ಟು ಗಟ್ಟಿಯಾಗಿಯೇ ಇರುತ್ತವೆ. ಈ ಪಟ್ಟಿಗೆ ‘ಪರಿಧಿ’ ಎನ್ನಲೇ? ಒಟ್ಟು ಕೆಲಸಕ್ಕೆ ‘ಧ್ವನಿವರ್ಧಕಗಳ ಜೀರ್ಣೋದ್ಧಾರ’ ಸರಿಯೇ?

(ಪುಣೆಯಿಂದ)
ಪರಿಧಿ ಬೇಡ. ಅದು ಗೆರೆ, ವಸ್ತುವಲ್ಲ.
‘ಧ್ವನಿವರ್ಧಕ’ವಂತೂ ಬೇಡವೇ ಬೇಡ. ವರ್ಧಿಸುವುದು ಆಂಪ್ಲಿಫೈಯರ್. ಸ್ಪೀಕರು ವರ್ಧಿಸುವುದಿರಲಿ, ಬಂದ ವಿದ್ಯುತ್ತಿನಲ್ಲಿ ನೂರಕ್ಕೆ ಒಂದೆರಡು ಪಾಲನ್ನಷ್ಟೇ ಸದ್ದಾಗಿಸಿ ಉಳಿದದ್ದನ್ನು ಬಿಸಿಯಾಗಿ ಕಳೆಯುತ್ತದೆ. ಮರಾಠಿ ಪತ್ರಿಕೆಗಳ ‘ಧ್ವನಿಕ್ಷೇಪಕ’ವೇ ಎಷ್ಟೋ ವಾಸಿ. ನಾವು ತಪ್ಪು ಹೆಸರನ್ನೇ ಶಾಲೆಯಲ್ಲಿ ಕಲಿಸುತ್ತ ಬಂದಿದ್ದೇವೆ. ಹತ್ತು ಸಲ ಹೇಳಿದ್ದೇನೆ, ಇನ್ನೂ ಹೇಳುತ್ತೇನೆ.
ಸರೌಂಡಿಗೆ ‘ಮುಚ್ಚಿಗೆ’ ಬರೆಯಿರಿ. ಮೃದಂಗಕ್ಕೆ ಮುಚ್ಚಿಗೆ ಹಾಕಿಸುತ್ತೇವಲ್ಲ, ಅದೇ. ಮುಚ್ಚು + ಇಗೆ, ಅಚ್ಚಗನ್ನಡ.

(ಮುಲುಂಡಿನಿಂದ)
ಮುಚ್ಚಿಗೆ ತಪ್ಪು. ಮದ್ದಳೆ ಬಾರಿಸುವವನಾಗಿ ಹೇಳುತ್ತಿದ್ದೇನೆ. ಮುಚ್ಚಿಗೆ ಎಂದರೆ ಇಡೀ ಚರ್ಮದ ಮುಖ, ಬಿಗಿದರೆ ನುಡಿಯುವಂಥದ್ದು. ಸರೌಂಡಿನ ಕೆಲಸ ಅದಕ್ಕೆ ತಿರುಗುಮುರುಗು: ಬಳುಕಿ ಕೋನನ್ನು ಹಿಂದೆಮುಂದೆ ಹೋಗಗೊಡಬೇಕು, ಅಂಚಿಗೆ ಬಂದ ಕಂಪನವನ್ನು ಹೀರಿಕೊಳ್ಳಬೇಕು. 1954ರಲ್ಲಿ ಅಮೆರಿಕದ ಎಡ್ಗರ್ ವಿಲ್ಚರ್ ಎಆರ್-1 ಎಂಬ ಸ್ಪೀಕರು ಮಾಡಿದಾಗ, ಕೋನನ್ನು ಮರಳಿ ಜಾಗಕ್ಕೆ ತರಲು ಮುಚ್ಚಿದ ಪೆಟ್ಟಿಗೆಯೊಳಗಿನ ಗಾಳಿಯನ್ನೇ ಸ್ಪ್ರಿಂಗ್ ಆಗಿಸಿದ. ಅಲ್ಲಿಂದೀಚೆಗೆ ಅಂಥ ಸ್ಪೀಕರುಗಳಲ್ಲಿ ಈ ಪಟ್ಟಿ ಮೆತ್ತಗಿದ್ದಷ್ಟೂ ಮೇಲಾಯಿತು. ಬಿಗಿತದ ಹೆಸರು ಇದಕ್ಕೆ ಸಲ್ಲದು.
‘ಅಂಚು’ ಸಾಕು. ಸೀರೆಯ ಹಳೆ ಅಂಚು ಬಿಚ್ಚಿ ಹೊಸದು ಹಚ್ಚುವುದು ನಮ್ಮ ಮನೆಗಳಿಗೆ ಗೊತ್ತಿದ್ದದ್ದೇ. ಜೀರ್ಣೋದ್ಧಾರ ಗುಡಿಗಿರಲಿ, ಇಲ್ಲಿ ‘ದುರಸ್ತಿ’.

(ಪುಣೆಯಿಂದ)
ಅಂಚು ಒಪ್ಪಿದೆ. ದುರಸ್ತಿ ಪಾರಸಿ, ಒಪ್ಪುವುದಿಲ್ಲ.

(ಮುಲುಂಡಿನಿಂದ)
ಕುರ್ಚಿ ಅರಬ್ಬಿ, ಚಾವಿ ಪೋರ್ಚುಗೀಸ್. ಅವನ್ನೂ ಬಿಡುತ್ತೀರಾ?

(ಪುಣೆಯಿಂದ)
ಇಲ್ಲದ ವಸ್ತುವಿನ ಜೊತೆ ಬಂದ ಹೆಸರು ಬೇರೆ, ಇರುವ ಮಾತನ್ನು ತಳ್ಳಿ ಕೂತ ಹೆಸರು ಬೇರೆ. ‘ಸರಿಪಡಿಸು’ ಇದೆ. ಇದರ ಮೇಲೆ ನನ್ನ ಮಾತಿಲ್ಲ.

(ಡೊಂಬಿವಲಿಯಿಂದ)
ಇಬ್ಬರಿಗೂ ಋಣಿ. ‘ಹಳೆಯ ಸ್ಪೀಕರುಗಳಿಗೆ ಹೊಸ ಅಂಚು ಹಾಕಿಕೊಡಲಾಗುವುದು’ ಎಂದು ಬರೆಸುತ್ತೇನೆ. ದುರಸ್ತಿಯೂ ಬೇಡ, ಜೀರ್ಣೋದ್ಧಾರವೂ ಬೇಡ. ಎರಡನೆಯ ಸಾಲು ಬಾಕಿ. ಅದು ಕ್ರಾಸ್‌ಓವರಿನದು, ಅಂದರೆ ದಪ್ಪ ದನಿ, ತೆಳು ದನಿಗಳನ್ನು ಬೇರ್ಪಡಿಸಿ ತಕ್ಕ ಸ್ಪೀಕರಿಗೆ ಕಳಿಸುವ, ಪೆಟ್ಟಿಗೆಯೊಳಗಿನ ಸರ್ಕ್ಯೂಟಿನದು. ಕ್ರಾಸ್‌ಓವರಿನ ಒಣಗಿದ ಎಲೆಕ್ಟ್ರೊಲಿಟಿಕ್ ಕೆಪಾಸಿಟರುಗಳನ್ನು ಮೂಲದಷ್ಟೇ ಅಳತೆಯ ಹೊಸವಕ್ಕೆ ಬದಲಿಸುವುದು ಒಂದು, ಗಿರಾಕಿ ಕೇಳಿದರೆ ಫಿಲ್ಮ್ ಕೆಪಾಸಿಟರ್ ಹಾಕಿ ಮಾರ್ಪಡಿಸುವುದು ಇನ್ನೊಂದು. ಎರಡನ್ನೂ ಬೇರೆಯಾಗಿಯೇ ಹೇಳಬೇಕು, ಇಲ್ಲವಾದರೆ ಮೂಲದ ದನಿಯೇ ಬೇಕೆನ್ನುವವರು ಬಾಗಿಲಿನಿಂದಲೇ ತಿರುಗಿ ಹೋಗುತ್ತಾರೆ. ಕ್ರಾಸ್‌ಓವರಿಗೆ ಗುರುವಾರ ಸಂಜೆಯೊಳಗೆ ಯಾರಾದರೂ ಪದ ಹೇಳಿ.